ಕಣ್ಣು ಬಿಡದ ಸಿಂಹ

"ಮೊಳೆಗೆ ಕಟ್ಟು ಅಂದ್ರೆ ಫ್ರೇಮಿಗೆ ಸಿಕ್ಕಿಸ್ತಾ ಇದೀಯಲ್ಲ ಅರ್ಷದ್!"

"ಜಾರ್ತದೆ ಚಾಚಿ, ಎಂತ ಮಾಡ್ಲಿ?"

ಸ್ಟೂಲಿನ ಮೇಲಿದ್ದ ಭಾವನ ಮಗ ಬಟ್ಟೆಯನ್ನು ಮತ್ತೆ ಎತ್ತಿ ಹಿಡಿದ. ಬಿಲ್ಕಿಸ್ ಸೆರಗಿನಿಂದ ಮೂಗೊರೆಸಿಕೊಂಡಳು. ಅದೇ ನಡುಮನೆಯ ಚಾಪೆಯ ಮೇಲೆ ಅವಳ ಗಂಡ ಜಲಾಲುದ್ದೀನ್ ಬಿಳಿ ಕಫನ್ ಹೊದ್ದು ಮಲಗಿದ್ದ. ಕುರಾನ್ ಓದುವವರು ಬರುವ ಹೊತ್ತು. ಮಯ್ಯತ್ ಇಟ್ಟ ಕೋಣೆಯಲ್ಲಿ ಜೀವಿಯ ಚಿತ್ರ ಕಾಣಬಾರದು. ಇಲ್ಲಿ ನೋಡಿದರೆ ಗೋಡೆಯ ತುಂಬ ಅವನೇ ತೆಗೆದ ಆ ಸಿಂಹದ ಫೋಟೋ!

ಬಿಚ್ಚೋಣವೆಂದರೆ ಸ್ಕ್ರೂಗಳು ಕೊಪ್ಪದ ಮಳೆಗಾಲಗಳನ್ನೆಲ್ಲ ಕುಡಿದು ತುಕ್ಕು ಹಿಡಿದು ಕೂತಿದ್ದವು. ಅದನ್ನು ಮುಚ್ಚುವಷ್ಟು ದೊಡ್ಡ ಬಟ್ಟೆ ಇದ್ದದ್ದು ಒಂದೇ, ಜಲಾಲುದ್ದೀನನ ಸ್ಟುಡಿಯೋದ ನೀಲಿ ಪರದೆ. ಅರ್ಧ ತಾಲ್ಲೂಕು ಅದರ ಮುಂದೆ ಪಾಸ್‌ಪೋರ್ಟ್ ಫೋಟೋಕ್ಕೆ ಕೂತು ಎದ್ದಿತ್ತು. "ಕಣ್ಣು ಬಿಡಿ, ಕಣ್ಣು ಬಿಡಿ" ಎಂದು ಅವನು ಜನ್ಮವಿಡೀ ಹೇಳಿದ್ದೇ ಹೇಳಿದ್ದು.

ಕಡಹಿನಬೈಲಿನ ಗುರುವ ಬಂದವನೇ ಪರದೆಯ ಮೂಲೆ ಎತ್ತಿದ. "ಆಫ್ರಿಕದ್ದಲ್ವ ಇದು? ಸಾಹೇಬ್ರು ನಂಗೂ ತೋರ್ಸಿದ್ರು."

"ನಿನ್ಗೊಬ್ನಿಗಾ? ಹಾಲು ಹಾಕೋನ್ನೂ ಬಿಟ್ಟಿಲ್ಲ ಅವ್ರು. ಬಿಡು ಮಾರಾಯ ಅದನ್ನ!"

ಪರದೆ ದೊಪ್ಪನೆ ಬಿತ್ತು.

"ಯಾ ಅಲ್ಲಾ! ಇವತ್ತೊಂದಿನನಾದ್ರೂ ಜನ ಇವ್ರ ಮುಖ ನೋಡ್ಲಿ ಅಂದ್ರೆ, ಬಂದೋರೆಲ್ಲ ಅದ್ರ ಮುಖ ನೋಡ್ತಾರಲ್ಲ!"

*

ಅರ್ಷದ್ ಕೀನ್ಯಾದಲ್ಲಿ ಕೆಲಸಕ್ಕಿದ್ದಾಗ ಗಂಡ ಹೆಂಡತಿ ಇಬ್ಬರನ್ನೂ ಕರೆಸಿಕೊಂಡಿದ್ದ. ಒಣಹುಲ್ಲಿನಲ್ಲಿ ಮಲಗಿದ್ದ ಸಿಂಹದ ಸುತ್ತ ಜೀಪುಗಳು ಬಂದವು, ನಿಂತವು, ಹೋದವು. ಜಲಾಲುದ್ದೀನ್ ಮಾತ್ರ ಕ್ಯಾಮೆರಾಕ್ಕೆ ಕಣ್ಣಿಟ್ಟವನು ಕದಲಲಿಲ್ಲ. ಬಿಸಿಲು ನೆತ್ತಿಗೇರಿತು. ಬುತ್ತಿಯ ರೊಟ್ಟಿ ಒಣಗಿ ಹಪ್ಪಳವಾಯಿತು.

"ಡ್ರೈವರಿಗೆ ಹಾರ್ನ್ ಹೊಡಿಯಕ್ಕೆ ಹೇಳ್ರೀ. ಎದ್ದು ಕಣ್ಣು ಬಿಡ್ತದೆ" ಎಂದು ಬಿಲ್ಕಿಸ್ ಸಿಡುಕಿದಳು.

ಅವಳ ಕೈಸನ್ನೆ ಕಂಡು ಡ್ರೈವರ್ ಹಾರ್ನಿನತ್ತ ಕೈ ಚಾಚಿದ. ಜಲಾಲುದ್ದೀನ್ ಆ ಕೈ ಹಿಡಿದ.

"ಬೇಡ. ಊರೋರ ಕಣ್ಣೆಲ್ಲ ಬಿಡ್ಸಿ ಆಯ್ತು. ಇದೊಂದು ಮಲಗ್ಲಿ ಬಿಡು. ಅಲ್ಲಾಹು ಕೊಟ್ಟ ನಿದ್ದೆ."

ಒಂದೇ ಒಂದು ಸಲ ಕ್ಲಿಕ್ಕಿಸಿದ. ಸಿಂಹದ ಹುಬ್ಬಿನ ಮೇಲೆ ನೊಣ ಕೂತಿತ್ತು.

"ಇದಕ್ಕಾ ಇಷ್ಟು ದೂರ ಬಂದಿದ್ದು? ನಮ್ಮನೆ ಬೆಕ್ಕೂ ಹೀಗೇ ಮಲಗ್ತದೆ" ಎಂದು ಬಿಲ್ಕಿಸ್ ಊರು ಮುಟ್ಟುವವರೆಗೂ ಬೈದಳು.

*

ಓದು ಮುಗಿಯಿತು. ಜನಾಜಾ ಎತ್ತುವ ಮೊದಲು ಮುಖ ತೋರಿಸಿದರು. ಗುರುವ ಗೋಳೋ ಎಂದ.

"ಒಂದ್ಸಲ ಕಣ್ಣು ಬಿಡಿ ಸಾಹೇಬ್ರೇ! ನನ್ ಮದ್ವೆ ಫೋಟೋಕ್ಕೆ ಎಷ್ಟು ಸಲ ಹೇಳಿದ್ರಿ ನಂಗೆ!"

ಭುಜ ಅಲ್ಲಾಡಿಸಿ ಎಬ್ಬಿಸುವವನಂತೆ ಕೈ ಚಾಚಿದ. ಗದರಲು ಬಾಯಿ ತೆರೆದ ಬಿಲ್ಕಿಸ್ ಗದರಲಿಲ್ಲ. ಆ ಕೈ ಹಿಡಿದುಕೊಂಡಳು.

"ಬೇಡ ಗುರುವ. ಮಲಗ್ಲಿ ಬಿಡು."

ಗಂಡಸರು ಜನಾಜಾ ಹೊತ್ತು ಇಳಿಜಾರಿನಲ್ಲಿ ಮರೆಯಾದರು. ಒಳಗೆ ಪರದೆ ಮತ್ತೆ ಜಾರಿ ನೆಲಕ್ಕೆ ಬಿತ್ತು. ಮಗಳು ಶಬಾನ ಸ್ಟೂಲು ಎಳೆದಳು. ಬಿಲ್ಕಿಸ್ ಬೇಡವೆಂದು ಕೈಯಾಡಿಸಿದಳು. ಖಾಲಿಯಾದ ಚಾಪೆಯ ಪಕ್ಕ ಕೂತು, ದಿನಾ ಸಂಜೆ ಸ್ಟುಡಿಯೋದ ಬಾಗಿಲು ಎಳೆಯುವ ಮುನ್ನ ಅವನು ಮಾಡುತ್ತಿದ್ದಂತೆ, ನೀಲಿ ಪರದೆಯನ್ನು ಒಂದು ತುದಿಯಿಂದ ಸುಕ್ಕಾಗದ ಹಾಗೆ ಸುತ್ತತೊಡಗಿದಳು. ಗೋಡೆಯ ಮೇಲೆ, ಹುಬ್ಬಿನ ನೊಣವನ್ನೂ ಓಡಿಸದೆ, ಸಿಂಹ ಮಲಗಿತ್ತು.