ಮೈಕಣ್ಣನನ್ನು ಮಣ್ಣು ಮಾಡಿದ ದಿನದ ಸಭೆ

ಅಪ್ಪನ ಬೆರಳುಗಳಿಗೆ ಅಂಟಿಕೊಂಡಿದ್ದ ಕಪ್ಪು ಟೇಪಿನ ಗೋಂದು ಏನು ಮಾಡಿದರೂ ಬಿಡುತ್ತಿರಲಿಲ್ಲ. ಮಗಳು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅದ್ದಿ ಉಜ್ಜುತ್ತಿದ್ದಳು. ಹೆಬ್ಬೆರಳು ಮುಗಿಸಿ ತೋರುಬೆರಳಿಗೆ ಬರುವಷ್ಟರಲ್ಲಿ, ಹೊಸ್ತಿಲ ಹತ್ತಿರ ಕೂತಿದ್ದ ಅಮ್ಮ ಹೇಳಿದಳು:

“ಬಿಡೇ, ಇರಲಿ. ನಲವತ್ತೈದು ವರ್ಷ ಉಜ್ಜಿಸಿ ಉಜ್ಜಿಸಿ ನಾನೇ ಸೋತೆ. ಊಟಕ್ಕೆ ಕೂತಾಗ್ಲೂ ಆ ಗೋಂದು ಹೋಗ್ತಿರಲಿಲ್ಲ. ಈಗ ಹೋಗತ್ತಾ?”

ಮಗಳು ಬಟ್ಟೆ ಹಿಂಡಿ ಇಟ್ಟಳು. ಹಿಂದಿನ ದಿನ ಮಧ್ಯಾಹ್ನ ಅಪ್ಪ ಇದೇ ಅಂಗಡಿಯ ಸ್ಟೂಲಿನ ಮೇಲೆ ಕೂತು, ಮೊಣಕೈಗೂ ಅಂಗೈಗೂ ವೈರು ಸುತ್ತುತ್ತಿದ್ದವನು ಹಾಗೇ ಗೋಡೆಗೆ ಒರಗಿದ್ದ. ನಿದ್ದೆ ಹತ್ತಿರಬೇಕು ಎಂದುಕೊಂಡು ಏಣಿಯಣ್ಣ ಅರ್ಧ ಗಂಟೆ ಎಬ್ಬಿಸಲೇ ಇಲ್ಲ. ಅಪ್ಪನ ಜೊತೆ ನಲವತ್ತು ವರ್ಷ ಏಣಿ ಹಿಡಿದವನು ಅವನು. ಈಗ ಮೂಲೆಯಲ್ಲಿ ಕೂತು, ಆ ಅರ್ಧ ಗಂಟೆಯನ್ನೇ ಬಂದವರಿಗೆಲ್ಲ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದ.

ಮನೆಯ ಮುಂದಿನ ಕೋಣೆಯೇ ಅಪ್ಪನ ಬಾಡಿಗೆ ಮೈಕಿನ ಅಂಗಡಿ. ಒಳಗಿನ ಕೋಣೆ ಇಕ್ಕಟ್ಟು, ಜನ ಬಂದು ನಿಲ್ಲಲು ಜಾಗವಿಲ್ಲ ಎಂದು ಅಪ್ಪನನ್ನು ಇಲ್ಲಿಯೇ ಮಲಗಿಸಿದ್ದರು. ಮೇಲೆ ಮೊಳೆಗಳಿಗೆ ತೂಗುಬಿಟ್ಟ ಹಾರ್ನ್‌ಗಳು, ಕಪಾಟಿನಲ್ಲಿ ಆಂಪ್ಲಿಫೈಯರ್‌ಗಳು, ಬಾಗಿಲ ಸಂದಿಯಲ್ಲಿ ಮೈಕಿನ ಸ್ಟ್ಯಾಂಡ್‌ಗಳ ಕಟ್ಟು. ಊರಿನಲ್ಲಿ ಯಾವ ಪಕ್ಷದವರು ಗಂಟಲು ಹರಿದುಕೊಂಡರೂ ಆ ಸದ್ದು ಈ ಹಾರ್ನ್‌ಗಳಿಂದಲೇ ಹೊರಗೆ ಬರಬೇಕಿತ್ತು. ಹಾಗಾಗಿ ಸಾವಿನ ಮನೆಗೂ ಎಲ್ಲ ಪಕ್ಷದವರು ಬಂದಿದ್ದರು. ಹೊರಗಿನ ಬೆಂಚಿನ ಮೇಲೆ ಕ್ಷೌರಿಕನೂ ನಿವೃತ್ತ ಪೋಸ್ಟ್‌ಮ್ಯಾನೂ ಆಗಲೇ ತಗಾದೆ ತೆಗೆದಿದ್ದರು.

“ಮೈಕಣ್ಣ ನಮ್ಮ ಕಡೆಯವನೇ ಕಣಯ್ಯಾ,” ಎಂದ ಕ್ಷೌರಿಕ. “ನಮ್ಮ ಸಭೆ ಅಂದ್ರೆ ಎರಡು ಹಾರ್ನ್ ಜಾಸ್ತೀನೇ ಕಟ್ತಿದ್ದ.”

“ನಿಮ್ಮ ಸಭೇಲಿ ಜನ ದೂರ ದೂರ ನಿಲ್ತಿದ್ರಲ್ಲ, ಅದಕ್ಕೆ.”

ಸುತ್ತ ನಿಂತವರು ನಗು ನುಂಗಿಕೊಂಡರು. ಒಳಗಿನಿಂದ ಅಮ್ಮನೇ ಹೇಳಿದಳು, “ನೀವಿಬ್ಬರೂ ಯಾಕೆ ಕಚ್ಚಾಡ್ತೀರಿ. ಯಾರಿಗೆ ವೋಟು ಹಾಕಿದ್ರಿ ಅಂತ ಪ್ರತಿ ಸಲ ಕೇಳ್ತಿದ್ದೆ. ‘ಪೆಟ್ಟಿಗೆಗೆ ಹಾಕ್ದೆ’ ಅಂತಿದ್ರು. ನಂಗೇ ಹೇಳಲಿಲ್ಲ, ನಿಮಗೆ ಹೇಳ್ತಾರಾ?”

ಅಷ್ಟರಲ್ಲಿ ಬೆಂಚಿನ ಮೇಲಿದ್ದವರು ಎದ್ದು ನಿಂತರು. ಪುರಸಭೆಯ ಅಧ್ಯಕ್ಷರು ಬಂದಿದ್ದರು.

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಅಪ್ಪನ ಕಾಲ ಬಳಿ ಬಹಳ ಹೊತ್ತು ಕೈಕಟ್ಟಿ ನಿಂತರು. ಕಣ್ಣು ತುಂಬಿದ್ದು ನಾಟಕವಲ್ಲ ಎಂದು ಮಗಳಿಗೂ ಅನ್ನಿಸಿತು. ಆಮೇಲೆ ಅವಳನ್ನು ಕಪಾಟಿನ ಪಕ್ಕಕ್ಕೆ ಕರೆದರು.

“ಇವತ್ತು ಸಂಜೆ ಚೌಕಕ್ಕೆ ಮೈಕು ಕೊಡ್ತೀವಿ ಅಂತ ಒಪ್ಪಿಕೊಂಡಿದ್ರಂತೆ?”

“ಹೌದು. ಅಪ್ಪ ಒಪ್ಪಿದ್ದು.”

“ಸಾವಿನ ಮನೆ, ತಾಯೀ. ಅಂಗಡಿ ಬಾಗಿಲು ಹಾಕಿದೀವಿ ಅಂದ್ರೆ ಯಾರೂ ತಪ್ಪು ತಿಳಿಯಲ್ಲ. ನಾನು ಕೊಡಬೇಡ ಅಂತ ಹೇಳ್ತಿಲ್ಲ, ನೋಡು. ನಿನ್ನ ಒಳ್ಳೇದಕ್ಕೆ ಹೇಳ್ತಾ ಇದೀನಿ.” ಸ್ವಲ್ಪ ತಡೆದು ಸೇರಿಸಿದರು, “ಅಂಗಡಿ ಪರವಾನಗಿ ಈಗ ನಿನ್ನ ಹೆಸರಿಗೆ ಆಗಬೇಕಲ್ಲ. ಒಂದು ವಾರ ಬಿಟ್ಟು ಆಫೀಸಿಗೆ ಬಾ. ನಾನೇ ಸಹಿ ಮಾಡಿಕೊಡ್ತೀನಿ.”

ಅವರು ಹೇಳಿದ್ದೂ ಹೇಳದೆ ಬಿಟ್ಟದ್ದೂ ಎರಡೂ ಅವಳಿಗೆ ಅರ್ಥವಾದವು. ಮರುದಿನ ಹನ್ನೊಂದಕ್ಕೆ ಪುರಸಭೆಯಲ್ಲಿ ಒಂದು ಹೊಸ ನಿಯಮ ಮತಕ್ಕೆ ಬರಲಿತ್ತು: ಇನ್ನು ಮುಂದೆ ಅಧ್ಯಕ್ಷರ ಲಿಖಿತ ಒಪ್ಪಿಗೆಯಿಲ್ಲದೆ ಚೌಕದಲ್ಲಿ ಯಾರೂ ಸಭೆ ಸೇರುವಂತಿಲ್ಲ, ಮೈಕು ಕಟ್ಟುವಂತಿಲ್ಲ. ವಾಹನಗಳಿಗೆ ಅಡ್ಡಿ, ಗಲಾಟೆ ಎಂಬುದು ಕಾರಣ. ಅದು ಬೇಡವೆಂದು ಹೇಳಲು ಬಟ್ಟೆ ಕಾರ್ಖಾನೆಯ ಟೈಲರಮ್ಮನ ಗುಂಪು ಇವತ್ತು ಸಂಜೆ ಐದಕ್ಕೆ ಸಭೆ ಕರೆದಿತ್ತು. ಊರಿನ ಇನ್ನೊಬ್ಬ ಮೈಕಿನವನು ಪುರಸಭೆಯ ಕಾರ್ಯಕ್ರಮಗಳನ್ನೇ ನಂಬಿಕೊಂಡವನು; ಅವನು ಕೊಡುವ ಮಾತೇ ಇರಲಿಲ್ಲ. ಈ ಅಂಗಡಿ ಬಾಗಿಲು ಹಾಕಿದರೆ ಚೌಕದ ಗದ್ದಲದಲ್ಲಿ ಟೈಲರಮ್ಮನ ಮಾತು ಎರಡನೇ ಸಾಲಿಗೂ ಕೇಳಿಸುವುದಿಲ್ಲ. ಇವತ್ತು ಆಗದಿದ್ದರೆ ಮುಂದೆ ಆ ಸಭೆಯೂ ಇಲ್ಲ.

ಅಧ್ಯಕ್ಷರು ಹೊರಡುವಾಗ ಬಾಗಿಲ ಮೇಲಿನ ಹಾರ್ನ್ ಒಂದನ್ನು ತಲೆಯೆತ್ತಿ ನೋಡಿದರು. ಅದರ ಅಂಚು ನಾಲ್ಕು ಕಡೆ ತಗ್ಗು ಬಿದ್ದಿತ್ತು. ಕೂಡಲೇ ಕಣ್ಣು ತಪ್ಪಿಸಿದರು.

*

ಆ ಹಾರ್ನ್ ತಗ್ಗು ಬಿದ್ದಾಗ ಮಗಳಿಗೆ ಹನ್ನೊಂದು ವರ್ಷ. ಇಟ್ಟಿಗೆ ಭಟ್ಟಿಗಳಿಗೆ ಎಲ್ಲಿಂದಲೋ ದುಡಿಯಲು ಬಂದವರು ಊರಾಚೆ ಗುಡಿಸಲು ಹಾಕಿಕೊಂಡಿದ್ದರು. ಅವರ ಮಕ್ಕಳನ್ನು ಊರಿನ ಶಾಲೆಗೆ ಸೇರಿಸಿಕೊಳ್ಳಬೇಕು ಎಂದು ಕೆಲಸದಿಂದ ನಿವೃತ್ತರಾದ ಒಬ್ಬ ಮೇಷ್ಟ್ರು ಹಟ ಹಿಡಿದರು. ಊರಿಗೆ ಊರೇ ಅವರ ಮೇಲೆ ತಿರುಗಿಬಿತ್ತು. ಮೇಷ್ಟ್ರು ಚೌಕದಲ್ಲಿ ಮಾತಾಡುತ್ತೇನೆಂದು ಅಪ್ಪನ ಹತ್ತಿರ ಮೈಕು ಕೇಳಿದರು.

ಇವತ್ತಿನ ಅಧ್ಯಕ್ಷರು ಆಗ ಇಪ್ಪತ್ತೈದರ ಯುವಕ. ಆರೇಳು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದ.

“ಆ ಮುದುಕನಿಗೆ ಮೈಕು ಕೊಡಬೇಡಿ. ಊರೇ ಬೇಡ ಅಂತಿದೆ.”

“ಬೇಡ ಅನ್ನೋರು ಕೇಳೋಕೆ ಬರಬೇಡಿ,” ಎಂದ ಅಪ್ಪ, ಕೈಯಲ್ಲಿದ್ದ ಪ್ಲಗ್ಗಿನಿಂದ ಕಣ್ಣೆತ್ತದೆ.

ಆ ಸಭೆಗೆ ಬಂದವರು ಹದಿನೇಳು ಜನ. ಅದರಲ್ಲಿ ಅಪ್ಪ, ಏಣಿಯಣ್ಣ ಮತ್ತು ಅವಳೂ ಸೇರಿದ್ದರು. ಮೇಷ್ಟ್ರು ಸಾವಿರ ಜನರ ಮುಂದೆ ನಿಂತವರ ಹಾಗೆ ಮುಕ್ಕಾಲು ಗಂಟೆ ಮಾತಾಡಿದರು. ಮನೆಗಳ ಕಿಟಕಿಗಳೆಲ್ಲ ಮುಚ್ಚಿದ್ದವು. ಆದರೆ ಹಾರ್ನ್‌ನ ಸದ್ದಿಗೆ ಕಿಟಕಿ ಯಾವ ಲೆಕ್ಕ, ಎಂದು ಅಪ್ಪ ದಾರಿಯುದ್ದಕ್ಕೂ ಒಳಗೊಳಗೇ ನಗುತ್ತ ಬಂದ.

ಮರುದಿನ ನಡುಮಧ್ಯಾಹ್ನ ಆ ಯುವಕನೂ ಅವನ ಜೊತೆಯವರೂ ಸುತ್ತಿಗೆ ಹಿಡಿದು ಬಂದರು. ಅಪ್ಪ ಇದ್ದೊಂದು ಆಂಪ್ಲಿಫೈಯರನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕೂತ. ಹಾರ್ನ್‌ಗಳನ್ನೆಲ್ಲ ಜಜ್ಜಿಹಾಕಿದರು. ಕಂಬದ ಹಿಂದೆ ನಿಂತು ಅವಳು ಎಲ್ಲರ ಮುಖ ನೋಡಿದಳು. ಪೊಲೀಸರು ‘ಅಪರಿಚಿತರು’ ಎಂದು ಬರೆದುಕೊಂಡರು.

ಅಪ್ಪ ಎರಡು ವಾರ ಹಿತ್ತಲಲ್ಲಿ ಕೂತು, ಒಂದೊಂದೇ ಹಾರ್ನನ್ನು ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಆಕಾರಕ್ಕೆ ತಂದ. ತಗ್ಗು ಪೂರ್ತಿ ಹೋಗಲಿಲ್ಲ, ಸದ್ದು ಮಾತ್ರ ಬಂತು. ಮೇಷ್ಟ್ರು ಮತ್ತೆ ಮತ್ತೆ ಚೌಕದಲ್ಲಿ ನಿಂತರು. ಹದಿನೇಳು ಜನ ಅರವತ್ತಾದರು, ಇನ್ನೂರಾದರು. ಮೂರನೇ ವರ್ಷ ಶಾಲೆ ಆ ಮಕ್ಕಳನ್ನು ಸೇರಿಸಿಕೊಂಡಿತು. ಅವರಲ್ಲಿ ಒಬ್ಬಳೇ ಈಗಿನ ಟೈಲರಮ್ಮ.

*

ಟೈಲರಮ್ಮ ಹನ್ನೆರಡರ ಹೊತ್ತಿಗೆ ಬಂದಳು. ಕಾರ್ಖಾನೆಯಿಂದ ಅರ್ಧ ದಿನ ರಜೆ ಹಾಕಿ ನೇರವಾಗಿ ಬಂದಿದ್ದಳು. ಸೀರೆಯ ಮೇಲೆ ಇನ್ನೂ ದಾರದ ಚೂರುಗಳಿದ್ದವು. ಅಮ್ಮನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡು ಅತ್ತಳು. ಆಮೇಲೆ ಮಗಳಿಗೆ ಹೇಳಿದಳು:

“ಅಕ್ಕಾ, ಸಂಜೆ ಮೈಕಿನ ಯೋಚನೆ ಬಿಟ್ಟುಬಿಡಿ. ನಾವು ಬಾಯಲ್ಲೇ ಕೂಗ್ತೀವಿ. ಎಷ್ಟು ಜನಕ್ಕೆ ಕೇಳತ್ತೋ ಕೇಳಲಿ.”

“ಕೇಳಲ್ಲ,” ಎಂದ ಏಣಿಯಣ್ಣ ಮೂಲೆಯಿಂದ. “ನಲವತ್ತು ವರ್ಷದಿಂದ ಆ ಚೌಕ ನೋಡಿದೀನಿ. ಐದು ಗಂಟೆಗೆ ಬಸ್ಸುಗಳೆಲ್ಲ ಅಲ್ಲೇ ತಿರುಗ್ತವೆ. ನೀನು ಕೂಗಿದ್ದು ನಿನಗೇ ಕೇಳಲ್ಲ.”

ಅಷ್ಟರಲ್ಲಿ ಶವಪೆಟ್ಟಿಗೆ ತಂದರು, ಎತ್ತುವ ಹೊತ್ತಾಗಿತ್ತು. ವ್ಯಾನಿನವರೆಗೆ ಹೆಗಲು ಕೊಡಲು ಜನ ನಾ ಮುಂದು ತಾ ಮುಂದು ಎಂದು ಬಂದರು. ಮತ್ತೆ ಬಂದಿದ್ದ ಅಧ್ಯಕ್ಷರು ಎಡಗಡೆ ಹೆಗಲು ಕೊಟ್ಟಾಗ, ಬಲಗಡೆ ಅದಾಗಲೇ ಹೆಗಲು ಕೊಟ್ಟಿದ್ದ ಏಣಿಯಣ್ಣ ಅವರ ಮುಖವನ್ನೂ ನೋಡಲಿಲ್ಲ.

*

ಏಣಿಯಣ್ಣನಿಗೆ ಅಧ್ಯಕ್ಷರ ಮೇಲೆ ಇದ್ದ ಸಿಟ್ಟು ಒಂದು ಸಲದ್ದಲ್ಲ. ಸುತ್ತಿಗೆಯ ಘಟನೆಯಾದ ಆರು ವರ್ಷಕ್ಕೆ ಗಾಳಿ ತಿರುಗಿತು. ಮೇಲೆ ಬೇರೆಯವರ ಅಧಿಕಾರ ಬಂತು. ಆ ಯುವಕನನ್ನು ಒಂದು ಭಾಷಣಕ್ಕಾಗಿ ತಿಂಗಳ ಕಾಲ ಜೈಲಿನಲ್ಲಿಟ್ಟರು. ಹೊರಗೆ ಬಂದಮೇಲೆ ಅವನ ಸಭೆಗೆ ಒಬ್ಬರೂ ಜಾಗ ಕೊಡಲಿಲ್ಲ, ಕುರ್ಚಿ ಬಾಡಿಗೆಗೆ ಸಿಗಲಿಲ್ಲ. ಒಂದು ಬೆಳಿಗ್ಗೆ ಅವನು ಅಂಗಡಿಯ ಮೆಟ್ಟಿಲ ಕೆಳಗೆ ಬಂದು ನಿಂತ. ಒಳಗೆ ಬರಲು ಮುಖವಿರಲಿಲ್ಲ.

“ಮೈಕು ಕೊಡ್ತೀರಾ?”

“ಯಾವತ್ತಿಗೆ?” ಎಂದ ಅಪ್ಪ.

ಏಣಿಯಣ್ಣ ಕೈಯಲ್ಲಿದ್ದ ಹಗ್ಗ ಎಸೆದು ಎದ್ದು ಹೋದ. ಹದಿನೇಳರ ಮಗಳು ಅಪ್ಪನ ಮೇಲೆ ಹರಿಹಾಯ್ದಳು. “ಅವನ ಕೈಲಿ ಸುತ್ತಿಗೆ ಇದ್ದಿದ್ದು ನಾನೇ ನೋಡಿದೀನಿ. ಅವನನ್ನ ಕ್ಷಮಿಸಿಬಿಟ್ಯಾ?”

“ಇಲ್ಲಪ್ಪ. ಆ ಹಾರ್ನ್ ನೋಡಿದಾಗೆಲ್ಲ ಹೊಟ್ಟೆ ಉರಿಯತ್ತೆ.”

“ಮತ್ತೆ ಯಾಕೆ ಕೊಡ್ತೀಯಾ?”

ಅಪ್ಪ ಬೆಸುಗೆಯ ಕಡ್ಡಿ ಕೆಳಗಿಟ್ಟ. ಅವನು ಉದ್ದ ಮಾತಿನವನಲ್ಲ. ಹಾರ್ನ್‌ಗಳ ಪಕ್ಕ ನಿಂತು ನಿಂತು ಎಡಗಿವಿ ಅರ್ಧ ಹೋಗಿದ್ದರಿಂದ, ಬಲಗಿವಿ ಅವಳ ಕಡೆ ಮಾಡಿಕೊಂಡು ಕೂತ.

“ನಂಗೆ ಬೇಕಾದೋರಿಗೆ ಮಾತ್ರ ಕೊಟ್ಟೆ ಅಂತಿಟ್ಕೋ. ಆಗ ಮೇಷ್ಟ್ರಿಗೆ ಕೊಟ್ಟಿದ್ದೂ ನನ್ನ ಇಷ್ಟಕ್ಕೆ ಕೊಟ್ಟ ಹಾಗಾಗತ್ತೆ. ಅದು ನನ್ನ ಇಷ್ಟ ಅಲ್ಲ ಕಣೇ, ಮೇಷ್ಟ್ರ ಹಕ್ಕು. ಇವನದ್ದೂ ಅಷ್ಟೇ. ಇವನು ಹೇಳೋದು ತಪ್ಪಿದ್ರೆ ಊರು ಕೇಳಿ ತಪ್ಪು ಅನ್ನಲಿ. ಬಾಯಿ ಕಟ್ಟಿಬಿಟ್ರೆ, ಇವನೇನೋ ದೊಡ್ಡ ಸತ್ಯ ಹೇಳ್ತಿದ್ದ ಅಂದ್ಕೋತಾರೆ.”

ಅವಳಿಗೆ ಆ ದಿನ ಒಪ್ಪಿಗೆಯಾಗಲಿಲ್ಲ. ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಸಭೆಯ ದಿನ ಅಪ್ಪ ಒಬ್ಬನೇ ಏಣಿ ಹತ್ತಿದ. ಎರಡನೇ ಕಂಬಕ್ಕೆ ಹಾರ್ನ್ ಕಟ್ಟುವಾಗ ಏಣಿ ಅಲ್ಲಾಡುವುದು ನಿಂತಿತೆಂದು ಕೆಳಗೆ ನೋಡಿದರೆ, ಏಣಿಯಣ್ಣ ಬಂದು ಹಿಡಿದುಕೊಂಡಿದ್ದ.

“ನಾನೇನೂ ಅವನಿಗೋಸ್ಕರ ಬಂದಿಲ್ಲ,” ಎಂದ. “ನೀನು ಬಿದ್ದು ಸತ್ತರೆ ನಂಗೆ ಕೆಲಸ ಯಾರು ಕೊಡ್ತಾರೆ.”

*

ಊರಾಚೆಯ ಸ್ಮಶಾನದಲ್ಲಿ ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕಿ ಸರಿದರು. ಮನೆಗೆ ಬಂದಾಗ ಮೂರೂವರೆ. ಅಂಗಡಿಯ ನೆಲ ತೊಳೆದಿದ್ದರು. ಅಪ್ಪ ಕೂತಿದ್ದ ಸ್ಟೂಲಿನ ಪಕ್ಕದಲ್ಲಿ, ಅವನು ಸುತ್ತಿಟ್ಟಿದ್ದ ವೈರಿನ ನಾಲ್ಕು ಸುರುಳಿ ಇದ್ದವು. ಐದನೆಯದು ಅರ್ಧವೇ ಆಗಿತ್ತು.

ಮಗಳು ನೆಲದ ಮೇಲೆ ಕೂತು ಅದನ್ನು ಸುತ್ತತೊಡಗಿದಳು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು.

“ಪರವಾನಗಿ ಅವರ ಕೈಲಿದೆ ಕಣೇ.”

“ಗೊತ್ತಮ್ಮ.”

“ಜನ ಏನಂತಾರೆ? ಅಪ್ಪನ್ನ ಮಣ್ಣು ಮಾಡಿ ಬಂದು ಏಣಿ ಹತ್ತಿದಳು ಅಂತಾರೆ.”

“ಅಂತಾರೆ.” ಅವಳ ಕೈ ನಿಂತಿತು. “ನೀನು ಬೇಡ ಅಂದ್ರೆ ಹೋಗಲ್ಲ. ನಿಜವಾಗ್ಲೂ.”

ಅಮ್ಮ ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಊಟ ಹಾಕಿಕೊಂಡು ಬಂದು ಅವಳ ಮುಂದಿಟ್ಟಳು.

“ಬರೀ ಹೊಟ್ಟೇಲಿ ಏಣಿ ಹತ್ತಬೇಡ. ನಿಮ್ಮಪ್ಪನೂ ಹತ್ತುತಾ ಇರಲಿಲ್ಲ.”

ಐದಕ್ಕೆ ಹತ್ತು ನಿಮಿಷವಿರುವಾಗ ಚೌಕದ ನಾಲ್ಕೂ ಕಂಬಗಳಿಗೆ ಹಾರ್ನ್ ಏರಿದ್ದವು. ಏಣಿಯಣ್ಣ ಕೆಳಗೆ ನಿಂತು, “ಇನ್ನೊಂಚೂರು ಎಡಕ್ಕೆ, ಬಸ್ ನಿಲ್ದಾಣದ ಕಡೆ,” ಎಂದು ಹೇಳುತ್ತಿದ್ದ. ಅವನ ಧ್ವನಿ ಮಾಮೂಲಿಗಿಂತ ಗಡುಸಾಗಿತ್ತು. ಬೆಳಿಗ್ಗೆ ಸಾವಿಗೆ ಬಂದವರಲ್ಲಿ ಅರ್ಧ ಜನ ಇಲ್ಲಿಗೂ ಬಂದಿದ್ದರು. ಕ್ಷೌರಿಕನೂ ಪೋಸ್ಟ್‌ಮ್ಯಾನೂ ಒಂದೇ ಕಟ್ಟೆಯ ಮೇಲೆ ಕೂತಿದ್ದರು. ಕಾರ್ಖಾನೆ ಬಿಟ್ಟು ಹೆಂಗಸರು ಸಾಲು ಸಾಲಾಗಿ ಬಂದು ತುಂಬಿಕೊಂಡರು. ಮಗಳು ಆಂಪ್ಲಿಫೈಯರ್ ಪಕ್ಕ ಕೂತು ಸದ್ದು ಹದ ಮಾಡಿದಳು.

ಟೈಲರಮ್ಮ ಭಾಷಣ ಕಲಿತವಳಲ್ಲ. ಮೊದಲು ಧ್ವನಿ ನಡುಗಿತು. “ಈ ಚೌಕದಲ್ಲಿ ಒಬ್ಬರು ಮೇಷ್ಟ್ರು ಮಾತಾಡಿದ್ರು, ಅದಕ್ಕೇ ನಂಗೆ ಇವತ್ತು ಹೆಸರು ಬರೆಯೋಕೆ ಬರತ್ತೆ,” ಎಂದಳು. “ಆವತ್ತು ಅವರು ಮೊದಲು ಒಪ್ಪಿಗೆ ಚೀಟಿ ತರಬೇಕಿತ್ತು ಅಂದಿದ್ರೆ, ಯಾರು ಕೊಡ್ತಿದ್ರು?” ಆಮೇಲೆ ಅವಳು ತಡವರಿಸಲಿಲ್ಲ.

ಅಧ್ಯಕ್ಷರನ್ನು ಮೊದಲು ಕಂಡದ್ದು ಏಣಿಯಣ್ಣ. ಔಷಧಿ ಅಂಗಡಿಯ ನೆರಳಿನಲ್ಲಿ ಒಬ್ಬರೇ ನಿಂತಿದ್ದರು. ಯಾವಾಗ ಬಂದರೋ. ಜನ ತಿರುಗಿ ನೋಡಿದರು, ಗುಸುಗುಸು ಎದ್ದಿತು, ಹಿಂದಿನ ಸಾಲಿನಿಂದ ಯಾರೋ ಛೀಮಾರಿ ಹಾಕಿದರು. ಟೈಲರಮ್ಮ ಕೈಯೆತ್ತಿದಳು.

“ಅಧ್ಯಕ್ಷರು ಬಂದಿದ್ದಾರೆ. ನಾಳೆ ಅವರು ನಮಗೆ ಮಾತಾಡೋಕೆ ಬಿಡ್ತಾರೋ ಇಲ್ವೋ ಗೊತ್ತಿಲ್ಲ. ಇವತ್ತು ನಾವು ಅವರಿಗೆ ಬಿಡೋಣ. ಬನ್ನಿ ಸರ್. ನಿಮ್ಮ ನಿಯಮ ಯಾಕೆ ಬೇಕು ಅಂತ ಹೇಳಿ. ಕೇಳ್ತೀವಿ.”

ಅವರು ಹಿಂದೆ ಮುಂದೆ ನೋಡಿದರು. ಆಮೇಲೆ ಜನರ ನಡುವಿನಿಂದ ನಿಧಾನವಾಗಿ ನಡೆದು ಬಂದರು. ಮಗಳು ಎದ್ದು ಹೋಗಿ, ಟೈಲರಮ್ಮನ ಎತ್ತರಕ್ಕಿದ್ದ ಸ್ಟ್ಯಾಂಡಿನ ತಿರುಪು ಸಡಿಲಿಸಿ, ಮೈಕನ್ನು ಅವರ ಬಾಯಿಯ ಮಟ್ಟಕ್ಕೆ ಏರಿಸಿ ಬಿಗಿದಳು. ಅವರ ಮುಖ ಅವಳಿಗೆ ಒಂದು ಗೇಣಿನ ದೂರದಲ್ಲಿತ್ತು. ಹಣೆಯಲ್ಲಿ ಬೆವರು ಮೂಡಿತ್ತು.

ಚೌಕದಲ್ಲಿ ಸದ್ದಡಗಿತು. ತಿರುಗುತ್ತಿದ್ದ ಬಸ್ಸಿನ ಡ್ರೈವರ್ ಕೂಡ ಎಂಜಿನ್ ಆರಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಅಧ್ಯಕ್ಷರು ಒಮ್ಮೆ ಕೆಮ್ಮಿದರು. ಆ ಕೆಮ್ಮು ನಾಲ್ಕೂ ಕಡೆಯಿಂದ ಇಡೀ ಚೌಕಕ್ಕೆ ಕೇಳಿಸಿತು. ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಅಳುತ್ತಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು, ಅವರ ಮಾತು ಎಲ್ಲರಿಗೂ ಕೇಳಿಸಲೆಂದು ಮೆಲ್ಲಗೆ ಅದರ ಬೆನ್ನು ತಟ್ಟತೊಡಗಿದಳು.