ಮುಂದಿದ್ದವನಿಗೆ ಒಬ್ಬ ಕಡಿಮೆ

ಆ ಚಳಿಗಾಲ ನಮ್ಮೂರು ವೆಸ್ನಾದ ಐಸ್ ಹಾಕಿ ತಂಡ ಗೆಲ್ಲುತ್ತಲೇ ಇತ್ತು. ಊರಿಗೆ ಅದೇ ದೊಡ್ಡ ತಲೆನೋವಾಗಿತ್ತು.

ಸೋಲುವ ತಂಡವನ್ನಾದರೆ ಬಯ್ಯಬಹುದು. ಸಸ್ಕಾಚೆವಾನಿನ ಬಯಲಲ್ಲಿ ಚಳಿ ಕಳೆಯಲು ಬೇಕಾದ ಬಿಸಿಯಲ್ಲಿ ಅರ್ಧ ಹುಟ್ಟುವುದು ಆ ಬಯ್ಗುಳದಿಂದಲೇ. ಗೆಲ್ಲುವ ತಂಡವನ್ನು ಏನು ಮಾಡುವುದು? ಒಂದು-ಸೊನ್ನೆ. ಮತ್ತೆ ಒಂದು-ಸೊನ್ನೆ. ಹಬ್ಬದ ವಾರ ಉದಾರವಾಗಿ ಎರಡು-ಒಂದು. ನಮ್ಮ ಕೋಚ್ ಬರ್ನಾರ್ಡ್ ಫೆಸ್ಸರ್ ರೆಜೈನಾದ ಯಾವುದೋ ತರಬೇತಿ ಶಿಬಿರಕ್ಕೆ ಹೋಗಿ ಒಂದು ವಿಡಿಯೊ ಕ್ಯಾಸೆಟ್ ತಂದಿದ್ದ. ಅದರಲ್ಲಿದ್ದ ವಿದ್ಯೆಯ ಹೆಸರು ಬೋನು. ಎದುರಾಳಿ, ಚೆಂಡಿನ ಬದಲಿಗಿರುವ ಆ ರಬ್ಬರ್ ಬಿಲ್ಲೆಯನ್ನು ಕೋಲಿಗೆ ಅಂಟಿಸಿಕೊಂಡು ಬರುವಾಗ ಯಾರೂ ಅವನ ಮೇಲೆ ಬೀಳಬಾರದು. ಗೋಲ್ ಕೀಪರ್ ಬಿಟ್ಟು ಉಳಿದ ಐವರೂ ರಿಂಕಿನ, ಅಂದರೆ ಮಂಜಿನ ಅಂಗಳದ, ನಟ್ಟನಡುವೆ ಅಡ್ಡಸಾಲಾಗಿ, ಚಪ್ಪರದ ಬಾಗಿಲಲ್ಲಿ ಬೀಗರನ್ನು ಎದುರುಗೊಳ್ಳುವವರ ಹಾಗೆ, ಬನ್ನಿ ಬನ್ನಿ ಎಂದು ನಿಂತಿರಬೇಕು. ಬಂದವನು ಅಂಚಿನುದ್ದಕ್ಕೂ ಕಟ್ಟಿದ ಪಕ್ಕದ ಹಲಗೆಗೆ ಸಿಕ್ಕಿ ಒದ್ದಾಡುತ್ತಾನೆ, ಬಿಲ್ಲೆ ಕೈಬಿಡುತ್ತಾನೆ. ಅದನ್ನು ಅವರ ಮೂಲೆಗೆ ಎತ್ತಿ ಬಿಸಾಕಿ ಮತ್ತೆ ಬಂದು ನಿಲ್ಲುವುದು. ಹೇಗೋ ಒಂದು ಗೋಲಾಯಿತೆಂದರೆ ಮುಗಿಯಿತು, ಉಳಿದ ಹೊತ್ತೆಲ್ಲ ನಿಂತಿರುವುದೇ ಆಟ.

ಮರುವರ್ಷಕ್ಕೆ ಲೀಗಿನ ಆರೂ ಊರುಗಳಿಗೆ ಆ ಕ್ಯಾಸೆಟ್ ತಲುಪಿತು. ಆಮೇಲೆ ಹನ್ನೆರಡು ಮಂದಿ ಮಂಜಿನ ಮೇಲೆ ಒಬ್ಬರನ್ನೊಬ್ಬರು ಕಾಯುತ್ತಾ ನಿಲ್ಲುವುದನ್ನು ನೋಡಲು ನಾವು ಕಂಬಳಿ ಹೊದ್ದು ಕೂರತೊಡಗಿದೆವು. ಕ್ರಮೇಣ ಕಂಬಳಿಗಳು ಮನೆಯಲ್ಲೇ ಉಳಿದವು.

ಗಡಿಯಾರ ಮತ್ತು ಹಾರ್ನ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ರಿಂಕಿನಲ್ಲಿ ನನ್ನ ಗಾಜಿನ ಗೂಡು ಎರಡು ತಂಡಗಳ ಬೆಂಚುಗಳ ನಡುವೆಯೇ ಇದೆ. ಹಾಗಾಗಿ ಎರಡೂ ಕಡೆಯ ಮಾತು ಕಿವಿಗೆ ಬೀಳುತ್ತದೆ.

ಈ ನಿಲ್ಲುವ ಆಟ ಊರಲ್ಲಿ ಎಲ್ಲರಿಗಿಂತ ಹೆಚ್ಚು ಸುಟ್ಟದ್ದು ಒರೆಸ್ಟ್ ಪಾವ್ಲಿಚೆಂಕೊ ಮೇಷ್ಟ್ರನ್ನು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಅವರ ಮಗ ಮರ್ಕಿಯಾನ್ ನಮ್ಮ ತಂಡದಲ್ಲಿ ಎಡಗಡೆ ಆಡುತ್ತಾನೆ. ಹುಡುಗನಿದ್ದಾಗ ಅವನು ಸ್ಕೇಟ್ ಕಟ್ಟಿ ಓಡಿದರೆ ಜನ ಕೈಯಲ್ಲಿದ್ದ ಕಾಫಿ ಕುಡಿಯುವುದನ್ನು ಮರೆಯುತ್ತಿದ್ದರು. ಅಂಥವನನ್ನು ಫೆಸ್ಸರ್ ಎಡಗಡೆಯ ಗೂಟವಾಗಿ ನೆಟ್ಟಿದ್ದ. ಕ್ರಿಸ್‌ಮಸ್ ಊಟದಲ್ಲಿ ಮರ್ಕಿಯಾನ್ ಹೇಳಿದನಂತೆ: "ಅಪ್ಪಾ, ಈ ಮಾರ್ಚಿಗೆ ಸ್ಕೇಟ್ಸ್ ಬಿಚ್ಚಿದ್ರೆ ಮತ್ತೆ ಕಟ್ಟಲ್ಲ. ನಿಂತ್ಕೊಂಡಿರೋದಾದ್ರೆ ಮನೇಲೇ ನಿಂತ್ಕೋತೀನಿ, ಬೆಚ್ಚಗಾದ್ರೂ ಇರತ್ತೆ."

ಮೇಷ್ಟ್ರಿಗೆ ಇನ್ನೇನೂ ಬೇಕಿರಲಿಲ್ಲ. ಮಗ ಆಟ ಬಿಡುವ ಮುಂಚೆ ಆ ಓಟವನ್ನು ಇನ್ನೊಮ್ಮೆ ನೋಡಬೇಕು, ಸಾಧ್ಯವಾದರೆ ಮಗ ಬಿಡಲೇಬಾರದು. ಆ ವಯಸ್ಸಿನಲ್ಲಿ ಬೇರೆಯವರು ಚರ್ಚಿಗೆ ಹೋಗುತ್ತಾರೆ. ಇವರು ಲೀಗಿನ ಆರು ಕೋಚುಗಳ ಸಭೆಗೆ ಹೋಗತೊಡಗಿದರು.

ಮೊದಲು, ಗೋಲಿನ ಬಾಯಿ ಅಗಲ ಮಾಡಿ ಎಂದರು. ಹಳೆಯ ಚೌಕಟ್ಟುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಬಂದು ಅದು ಬಿದ್ದಿತು. ಗೋಲ್ ಕೀಪರ್ ಹಾಸಿಗೆ ಸುತ್ತಿಕೊಂಡವನ ಹಾಗಿದ್ದಾನೆ, ಅವನ ಮೆತ್ತೆ ತೆಳುವಾಗಲಿ ಎಂದರು. ಆರು ಊರುಗಳ ಆರು ಗೋಲ್ ಕೀಪರುಗಳ ತಾಯಂದಿರು ಒಂದೇ ಕಾರಿನಲ್ಲಿ ಬಂದರು. ಆ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ನಡುವಣ ಗೆರೆಯನ್ನೇ ಅಳಿಸಿಬಿಡಿ ಎಂದದ್ದಕ್ಕೆ ಡಂಕೆಲ್ಡ್ ಊರಿನ ಕೋಚ್ ರಾಸ್ ಅಬರ್ನೆಥಿ, "ಮೇಷ್ಟ್ರೇ, ಆ ಗೆರೆ ಎಳೆದೋನು ನಮ್ಮಜ್ಜ" ಎಂದು ಎದ್ದು ನಿಂತ. ಮೇಷ್ಟ್ರು ಏನೇ ತಂದರೂ ಸಭೆ ಮುಂದೆ ಬಂದು ಎದುರಿಸುತ್ತಿರಲಿಲ್ಲ. ನಡುವೆ ನಿಂತು ಕಾಯುತ್ತಿತ್ತು, ಆಮೇಲೆ ಅವರನ್ನು ಮೆತ್ತಗೆ ಪಕ್ಕದ ಹಲಗೆಗೆ ಒತ್ತುತ್ತಿತ್ತು. ಆ ಕೋಚುಗಳಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ.

ಕೊನೆಗೆ ಮೇಷ್ಟ್ರು ತಂದದ್ದು ಬೇರೆಯದೇ ನಿಯಮ. ಒಂದು ಶನಿವಾರ ರಿಂಕಿನ ಕ್ಯಾಂಟೀನಿನಲ್ಲಿ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಸಕ್ಕರೆ ಪೊಟ್ಟಣ ಎಲ್ಲ ಇಟ್ಟು ಆಡಿಸಿ ತೋರಿಸಿದರು.

"ಯಾರು ಗೋಲಲ್ಲಿ ಮುಂದಿರ್ತಾರೋ ಅವರು ಒಬ್ಬನ್ನ ಹೊರಗೆ ಕೂರಿಸಿ ಆಡ್ಬೇಕು. ಎದುರಿನೋರು ಸಮ ಮಾಡೋವರೆಗೂ ಅವನು ಒಳಗೆ ಬರೋ ಹಾಗಿಲ್ಲ. ಈಗ ಹೇಳು ಬರ್ನಾರ್ಡ್, ನಾಲ್ಕೇ ಜನ ಇಟ್ಕೊಂಡು ಹೇಗೆ ಬೋನು ಹಾಕ್ತೀಯ? ಒಂದು ಕಡೆ ತೆರೆದೇ ಇರತ್ತೆ."

ಫೆಸ್ಸರ್ ಉಪ್ಪಿನ ಡಬ್ಬಿಯನ್ನು ಹಿಂದೆ ಮುಂದೆ ಸರಿಸಿದ. "ತೆರೆದೇ ಇರತ್ತೆ" ಎಂದು ಒಪ್ಪಿದ. ಅವನೇನು ಕೆಟ್ಟವನಲ್ಲ.

ಕ್ಯಾಂಟೀನಿನಲ್ಲಿ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ಬೇಯಿಸುವ ಪರಾಸ್ಕಾ ಅಜ್ಜಿ ಒಲೆಯ ಹಿಂದಿನಿಂದಲೇ ಕೂಗಿದಳು: "ಗೆಲ್ಲೋನಿಗೆ ಶಿಕ್ಷೆನಾ ಒರೆಸ್ಟ್? ಇದು ನಮ್ಮಪ್ಪ ಬಿಟ್ಟು ಓಡಿಬಂದ ಕಮ್ಯುನಿಸ್ಟ್ ಸರಕಾರದ ನಿಯಮ ಅಲ್ವೇನೋ?"

"ಶಿಕ್ಷೆ ಅಲ್ಲ ಪರಾಸ್ಕಾ, ಆಸೆ. ಹಿಂದಿರೋನಿಗೆ ಆಸೆ."

"ಆಸೆ ಹುಟ್ಟಿಸೋಕೆ ಈರುಳ್ಳಿ ಹುರಿದ್ರೆ ಸಾಕು" ಎಂದು ಆಕೆ ಬಾಣಲೆ ತಿರುಗಿಸಿದಳು.

ಸಭೆಗೆ ಇದನ್ನು ಒತ್ತಲು ಪಕ್ಕದ ಹಲಗೆ ಸಿಗಲಿಲ್ಲ. ಚೌಕಟ್ಟು ಬದಲಿಸುವುದಿಲ್ಲ, ಮೆತ್ತೆ ಬದಲಿಸುವುದಿಲ್ಲ, ಯಾರ ಅಜ್ಜನ ಗೆರೆಯೂ ಅಳಿಸುವುದಿಲ್ಲ. ಹಾಗಾಗಿ ವೆಸ್ನಾ ಮತ್ತು ಡಂಕೆಲ್ಡ್ ಒಂದು ಪ್ರಯೋಗದ ಪಂದ್ಯ ಆಡುವುದು, ಆರೂ ಕೋಚುಗಳು ಬಂದು ನೋಡುವುದು, ನೋಡಿ ಅಲ್ಲೇ ಕೈಯೆತ್ತಿ ತೀರ್ಮಾನ ಹೇಳುವುದು ಎಂದಾಯಿತು. ಈ ಆರು ಊರುಗಳಿರುವ ಕ್ವಿಲ್ ಕಣಿವೆಯಲ್ಲಿ ಆಟ ಬದುಕುವುದೋ ಸಾಯುವುದೋ ಆ ಮಧ್ಯಾಹ್ನ ಗೊತ್ತಾಗುತ್ತದೆ ಎಂದು ಮೇಷ್ಟ್ರು ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದರು. ಮಗನ ವಿಷಯ ಮಾತ್ರ ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

ಎಷ್ಟೋ ದಿನಗಳ ಮೇಲೆ ಕಂಬಳಿಗಳು ಹೊರಬಂದಿದ್ದವು. ಮೇಷ್ಟ್ರು ಹಳೆಯ ಕುರಿಚರ್ಮದ ಟೋಪಿ ಹಾಕಿಕೊಂಡು ನನ್ನ ಗೂಡಿನ ಹಿಂದಿನ ಸಾಲಿನಲ್ಲೇ ಕೂತರು. ಮೊದಲ ಅವಧಿ ಏನು ಹೇಳಲಿ, ಸೊಗಸಾಗಿತ್ತು. ನಿಯಮ ಏನು ಮಾಡುತ್ತದೆಂದು ಯಾರಿಗೂ ಇನ್ನೂ ಹೊಳೆದಿರಲಿಲ್ಲ. ಹುಡುಗರು ಓಡಿದರು, ಗುದ್ದಿಕೊಂಡರು, ಬಿಲ್ಲೆ ಒಮ್ಮೆ ಗೋಲಿನ ಕಂಬಕ್ಕೆ ಬಡಿದು ಗಂಟೆ ಬಾರಿಸಿತು. ಮೇಷ್ಟ್ರು ಹಿಂದಿನಿಂದ ನನ್ನ ಗಾಜು ತಟ್ಟಿ, "ನೋಡಿದ್ಯಾ?" ಎಂದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ನಾನೂ ತಲೆಯಾಡಿಸಿದೆ.

ಆದರೆ ಹಾಕಿಯಲ್ಲಿ ವಿರಾಮ ಎಂಬುದೊಂದಿದೆ. ಕೋಚುಗಳು ಯೋಚಿಸುವುದು ಆಗಲೇ.

ಹುಡುಗರು ಮರಳಿ ಬಂದು ಕೂತಾಗ ಎಡಕಿವಿಗೆ ಫೆಸ್ಸರನ ದನಿ ಬಿತ್ತು: "ನೋಡ್ರಪ್ಪಾ, ಈಗ್ಲೇ ಗೋಲು ಹೊಡೆದ್ರೆ ಉಳಿದ ಹೊತ್ತೆಲ್ಲ ನಾಲ್ಕೇ ಜನ ಸಾಯ್ಬೇಕು. ಗೋಲು ಬೇಕು, ಬೇಡ ಅಂತಿಲ್ಲ. ಆದ್ರೆ ಕೊನೇ ನಿಮಿಷದಲ್ಲಿ ಬೇಕು. ಅಲ್ಲೀವರೆಗೂ ತಾಳ್ಮೆ."

ಬಲಕಿವಿಗೆ ಅಬರ್ನೆಥಿ: "ಯಾವನಾದ್ರೂ ಅವಸರ ಮಾಡಿ ಗೋಲು ಗೀಲು ಹೊಡೆದ್ರೋ, ನಡ್ಕೊಂಡು ಡಂಕೆಲ್ಡಿಗೆ ಬರ್ಬೇಕಾಗತ್ತೆ, ನೆನಪಿರ್ಲಿ!"

ನನಗೆ ನಗು ಬಂತು. ಹಿಂದೆ ತಿರುಗಿ ಮೇಷ್ಟ್ರನ್ನು ನೋಡಿದ ಮೇಲೆ ಅದು ನಿಂತಿತು. ಅವರಿಗೆ ಇದಾವುದೂ ಕೇಳಿಸಿರಲಿಲ್ಲ. ಮಗ ಮಂಜಿಗಿಳಿಯುವುದನ್ನು ನೋಡುತ್ತಿದ್ದರು.

ಮೊದಲಾದರೆ ಹಿಂದಿದ್ದ ತಂಡವಾದರೂ ಮುಂದೆ ನುಗ್ಗುತ್ತಿತ್ತು. ಈಗ ಮುಂದೆ ಯಾರೂ ಇಲ್ಲ, ಹಿಂದೆಯೂ ಯಾರೂ ಇಲ್ಲ, ಹಾಗಾಗಿ ನುಗ್ಗುವ ಕಾರಣವೇ ಉಳಿಯಲಿಲ್ಲ. ಬಿಲ್ಲೆ ಇದ್ದವನು ತನ್ನದೇ ಗೋಲಿನ ಹಿಂದೆ ಅದನ್ನಿಟ್ಟುಕೊಂಡು ನಿಂತ. ಎದುರಿನವರು ನಡುಗೆರೆಯಲ್ಲಿ ನಿಂತರು. ರೆಫರಿ ಅವನನ್ನೂ ಇವರನ್ನೂ ನೋಡಿ, ತಾನೂ ನಿಂತ. ಮುಂದೆ ಹೋಗಿರೆಂದು ಹೇಳಲು ಅವನ ಪುಸ್ತಕದಲ್ಲಿ ಏನೂ ಇರಲಿಲ್ಲ.

"ಏ, ನಿಮ್ಮೇಲೆ ಬಟ್ಟೆ ಒಣಗಾಕ್ಲೇನ್ರೋ?" ಎಂದು ಪರಾಸ್ಕಾ ಅಜ್ಜಿ ಕ್ಯಾಂಟೀನಿನ ಕಿಟಕಿಯಿಂದ ಕೂಗಿದಳು. ಜನ ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ನಗುವುದನ್ನೂ ನಿಲ್ಲಿಸಿದರು.

ಮೂರು ಅವಧಿಗಳಲ್ಲಿ ಎರಡನೆಯದು ಮುಗಿಯುತ್ತಾ ಬಂದಾಗ ಡಂಕೆಲ್ಡಿನ ಒಬ್ಬ ಹುಡುಗ, ನಿಂತು ನಿಂತು ಕಾಲು ಮರಗಟ್ಟಿತೋ ಏನೋ, ಮುಗ್ಗರಿಸಿ ಬಿದ್ದ. ಬಿಲ್ಲೆ ಜಾರಿ ನೇರ ಮರ್ಕಿಯಾನನ ಕೋಲಿಗೆ ಬಂತು. ಅವನ ಮುಂದೆ ಒಬ್ಬನೇ ಒಬ್ಬ ಇಲ್ಲ. ಅರ್ಧ ರಿಂಕ್ ಖಾಲಿ, ಕೊನೆಯಲ್ಲಿ ಗೋಲ್ ಕೀಪರ್.

ಅವನು ಹೊರಟ. ಆ ಓಟವನ್ನು ನಾನು ಮರೆತಿದ್ದೆ, ಊರೂ ಮರೆತಿತ್ತು. ಎರಡೇ ಎರಡು ತಳ್ಳು, ಆಮೇಲೆ ಕಾಲು ಮಂಜನ್ನು ಕೇಳುವುದೇ ಇಲ್ಲ. ಜನ ಎದ್ದರು. ನನ್ನ ತಲೆಯ ಹಿಂದೆ ಗಾಜು ದಡದಡ ಬಡಿಯಿತು.

"ಹೊಡೀ ಮರ್ಕಿಯಾನ್! ಹೊಡಿಯೋ ಮಗನೇ!"

ಗೋಲ್ ಕೀಪರ್ ಹೆದರಿ ಮೊದಲೇ ಕೆಳಗೆ ಬಿದ್ದುಬಿಟ್ಟ. ಇಡೀ ಗೋಲು ತೆರೆದಿತ್ತು. ಫೆಸ್ಸರ್ ಒಂದು ಮಾತೂ ಆಡಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅವನ ಬಾಯಿಯೂ ನಮ್ಮೆಲ್ಲರ ಬಾಯಿಯ ಹಾಗೆ ತೆರೆದಿತ್ತು. ಮರ್ಕಿಯಾನ್ ಬೆಂಚಿನ ಕಡೆ ನೋಡಲೂ ಇಲ್ಲ. ಕೋಲೆತ್ತಿದ. ತಲೆ ಮೇಲೆತ್ತಿ ನನ್ನ ಗಡಿಯಾರ ನೋಡಿದ. ಕೋಲಿಳಿಸಿದ. ಗೋಲಿನ ಹಿಂದಿನಿಂದ ನಿಧಾನವಾಗಿ ಒಂದು ಸುತ್ತು ಹಾಕಿ, ಬಿಲ್ಲೆಯನ್ನು ಜೋಪಾನವಾಗಿ ನಮ್ಮ ಕಡೆಗೆ ತಂದು, ಎಡಗಡೆಯ ತನ್ನ ಜಾಗದಲ್ಲಿ ನಿಂತ.

ಆಮೇಲೆ ಫೆಸ್ಸರ್ ಮೆಲ್ಲಗೆ, ಹೆಚ್ಚುಕಡಿಮೆ ಭಯದಿಂದ ಅಂದ: "ಭೇಷ್."

ಹಿಂದೆ ತಿರುಗಲು ನನಗೆ ಧೈರ್ಯವಾಗಲಿಲ್ಲ.

ಮೂರನೆಯ ಅವಧಿಯ ಕೊನೆಯ ನಿಮಿಷಗಳಲ್ಲಿ ಗೋಲು ಹೊಡೆಯುವುದೆಂದು ಎರಡೂ ಕಡೆಯವರು ಇಟ್ಟುಕೊಂಡಿದ್ದರಲ್ಲ, ಆ ನಿಮಿಷಗಳು ಬಂದಾಗ ಎದುರಿನವರೂ ಅದನ್ನೇ ಮಾಡುತ್ತಾರೆಂಬುದು ಎರಡೂ ಕೋಚುಗಳಿಗೆ ಒಟ್ಟಿಗೇ ಹೊಳೆಯಿತು. ಇಬ್ಬರೂ ತಮ್ಮವರನ್ನು ಇನ್ನಷ್ಟು ಹಿಂದಕ್ಕೆ ಕರೆದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಾನು ಹಾರ್ನ್ ಒತ್ತಿದಾಗ ಕೆಲವರು ಬೆಚ್ಚಿ ಎದ್ದರು. ಸೊನ್ನೆ-ಸೊನ್ನೆ.

ಕ್ಯಾಂಟೀನಿನಲ್ಲಿ ಆರೂ ಕೋಚುಗಳು ಒಂದೇ ಮೇಜಿನ ಸುತ್ತ ಕೂತು ಪೆರೋಗಿ ತಿನ್ನುತ್ತಿದ್ದರು. ಅಷ್ಟು ಪ್ರಸನ್ನವಾದ ಆರು ಮುಖಗಳನ್ನು ನಾನು ಒಟ್ಟಿಗೆ ನೋಡಿರಲಿಲ್ಲ. ಮೇಷ್ಟ್ರು ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

"ಆಯ್ತಪ್ಪಾ, ತಪ್ಪಾಯ್ತು. ನಿಯಮ ವಾಪಸ್ ತಗೋತೀನಿ."

"ಅಯ್ಯೋ, ಯಾಕೆ ಮೇಷ್ಟ್ರೇ!" ಅಬರ್ನೆಥಿಗೆ ನಿಜವಾಗಿಯೂ ನೋವಾಯಿತು. "ಎಷ್ಟು ಶಿಸ್ತಾಗಿತ್ತು! ನಂಗೆ ಒಂದು ಗೋಲೂ ಬೀಳ್ಲಿಲ್ಲ."

"ಅದೇ ಕಣಯ್ಯಾ ಹೇಳ್ತಿರೋದು, ಯಾರಿಗೂ ಬೀಳ್ಲಿಲ್ಲ!"

"ಯಾರೂ ಸೋಲ್ಲೇ ಇಲ್ಲ ನೋಡಿ" ಎಂದ ಫೆಸ್ಸರ್, ಸಮಾಧಾನ ಹೇಳುವವನ ಹಾಗೆ.

"ಜನ ನಿದ್ದೆ ಮಾಡಿದ್ರು, ಬರ್ನಾರ್ಡ್."

"ಜನ ಮೊದ್ಲೂ ಮಾಡ್ತಿದ್ರು. ಈಗ ಸೋತ ಬೇಜಾರಿಲ್ದೆ ಮಾಡ್ತಾರೆ."

ಕೈಯೆತ್ತಲು ಹೇಳಿದರು. ಆರೂ ಕೈ ಮೇಲೆ ಹೋದವು, ಎರಡರಲ್ಲಿ ಮುಳ್ಳುಚಮಚ ಇತ್ತು. ಮೇಷ್ಟ್ರ ಪ್ರಸ್ತಾಪವೊಂದು ಆ ಲೀಗಿನಲ್ಲಿ ಗೆದ್ದದ್ದು ಅದೇ ಮೊದಲು. ಅವರು ಬೇಡ ಬೇಡ ಎನ್ನುತ್ತಲೇ ಇದ್ದರು. ಅವರಿಗೆ ಮತ ಇರಲಿಲ್ಲ. ಎಲ್ಲರೂ ಎದ್ದು ಅವರ ಕೈ ಕುಲುಕಿದರು. ಪರಾಸ್ಕಾ ಅಜ್ಜಿ ಹುಳಿಕೆನೆ ಹಾಕಿ ಒಂದು ತಟ್ಟೆ ತಂದು ಅವರ ಮುಂದಿಟ್ಟು ಒಲೆಯ ಕಡೆ ಹೋದಳು.

ಮರ್ಕಿಯಾನ್ ಚೀಲ ಹೆಗಲಿಗೇರಿಸಿ ಬಂದು ಅಪ್ಪನ ಎದುರು ಕೂತ. ತಟ್ಟೆಯಿಂದ ಒಂದು ಪೆರೋಗಿ ಎತ್ತಿಕೊಂಡ.

"ಯಾಕೋ ಹೊಡೀಲಿಲ್ಲ?" ಎಂದರು ಮೇಷ್ಟ್ರು.

"ಹೊತ್ತು ತುಂಬಾ ಇತ್ತಪ್ಪಾ."

"ಬರ್ನಾರ್ಡ್ ಬೇಡ ಅಂದ್ನಾ?"

"ಯಾರೂ ಏನೂ ಅನ್ಲಿಲ್ಲ. ನಂಗೇ ಅನ್ನಿಸ್ತು." ಅವನು ಅಗಿಯುತ್ತಾ ಸ್ವಲ್ಪ ಯೋಚಿಸಿದ. "ಕೈ ಎತ್ತಿದ್ದೆ ನೋಡು. ಆಮೇಲೆ ಲೆಕ್ಕ ಬಂತು. ಈಗೀಗ ತಾನಾಗೇ ಬರತ್ತೆ."

ಮೇಷ್ಟ್ರು ತಟ್ಟೆಯನ್ನು ಅವನ ಕಡೆ ಸರಿಸಿದರು.

"ಮತ್ತೆ ಅಪ್ಪಾ, ನಿಂಗೆ ಸಂತೋಷ ಆಗೋ ಮಾತು. ಬಿಡಲ್ಲ ನಾನು. ಈ ನಿಯಮ ಇದ್ರೆ ಇನ್ನೂ ನಾಲ್ಕೈದು ವರ್ಷ ಆರಾಮಾಗಿ ಆಡ್ತೀನಿ. ಮಂಡಿಗೂ ಒಳ್ಳೇದು. ಬೇಕಾದ್ರೆ ಮುಟ್ಟಿ ನೋಡು, ಬೆವರೇ ಇಲ್ಲ."

ಅವನು ಕತ್ತು ಬಗ್ಗಿಸಿದ. ಮೇಷ್ಟ್ರು ಕೈ ಚಾಚಿ, ಜ್ವರ ನೋಡುವವರ ಹಾಗೆ, ಅಂಗಿಯ ಕೊರಳಪಟ್ಟಿಯೊಳಗೆ ಎರಡು ಬೆರಳಿಟ್ಟು ನೋಡಿದರು. ಬಹಳ ಹೊತ್ತು ಅಲ್ಲೇ ಇಟ್ಟಿದ್ದರು.

"ಹೂಂ" ಎಂದರು. "ಒಣಗೇ ಇದೆ."