ಮಗುಚಿಟ್ಟ ವರ್ಷ

ನಮ್ಮ ದ್ವೀಪದಲ್ಲಿ 1848ನೇ ಇಸವಿ ಶುರುವಾದದ್ದು ಅಕ್ಟೋಬರ್ ತಿಂಗಳಲ್ಲಿ. ದೊಡ್ಡ ದ್ವೀಪದ ಪಾದ್ರಿಗಳು ತಾವು ವರ್ಷವಿಡೀ ಓದಿದ ಪತ್ರಿಕೆಗಳನ್ನು ಕಟ್ಟು ಕಟ್ಟಿ, ಸುಗ್ಗಿ ಮುಗಿದ ಮೇಲೆ ದೋಣಿಯಲ್ಲಿ ಕಳಿಸುತ್ತಿದ್ದರು. ಇಗರ್ಜಿಯ ಗಂಟೆ ಹೊಡೆಯುವ ನನ್ನ ಅಪ್ಪ ಟ್ರೂಯೆಲ್ಸ್, ಮಧ್ಯಾಹ್ನದ ಗಂಜಿಯಾದ ಮೇಲೆ ದಿನಕ್ಕೊಂದರಂತೆ ಊರವರಿಗೆ ಓದಿ ಹೇಳುತ್ತಿದ್ದರು. ನಿಯಮ ಒಂದೇ: ಮೇಲಿರುವುದನ್ನೇ ಓದಬೇಕು, ಕಟ್ಟಿನೊಳಗೆ ಕೈ ಹಾಕಬಾರದು. ಅಪ್ಪ ಓದುವ ತನಕ ಏನೂ ಆದಂತಲ್ಲ. ಜನವರಿಯಲ್ಲಿ ತೀರಿಕೊಂಡ ದೊರೆಗೆ ನಾವು ಅಕ್ಟೋಬರಿನಲ್ಲಿ ಅತ್ತೆವು. ಅಪ್ಪ ಸಾವಿನ ಗಂಟೆ ಹೊಡೆದರು. ಹಾದುಹೋಗುತ್ತಿದ್ದ ಹಡಗಿನವರು, ಹೊಸ ದೊರೆಯೂ ಹೋದರೇನೋ ಎಂದು ಗಾಬರಿಯಿಂದ ಟೋಪಿ ತೆಗೆದರು.

ನವೆಂಬರಿನಲ್ಲಿ ಲೌರಿಡ್ಸ್ ಯುದ್ಧದಿಂದ ಕುಂಟುತ್ತ ಬಂದ. ನನಗೂ ಅವನಿಗೂ ಮದುವೆ ನಿಶ್ಚಯವಾಗಿತ್ತು. ವಸಂತದಲ್ಲಿ ಅವನು ದಂಡಿಗೆ ಹೊರಟಾಗ, ಯುದ್ಧ ಮುಗಿದ ಕೂಡಲೇ ಮದುವೆಯ ಗಂಟೆ ಹೊಡೆಯುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು.

“ಯಾವ ಯುದ್ಧ?” ಎಂದರು ಈಗ. “ನಾವಿನ್ನೂ ಫೆಬ್ರವರೀಲಿದೀವಿ. ಅದು ಬರಲಿ, ಮುಗೀಲಿ, ಹೊಡೀತೀನಿ.”

“ಹಾಗಾದ್ರೆ ನನ್ನ ಮಂಡಿಗೆ ಗುಂಡು ಹೊಡೆದೋರು ಯಾರು ಮಾವ?”

“ಅದು ನಿನಗೇ ಗೊತ್ತು. ಯಾರ ತೋಟಕ್ಕೆ ನುಗ್ಗಿದ್ಯೋ ಏನೋ.”

ನೆರೆಮನೆಯ ಬೋಡಿಲ್ ಅಜ್ಜಿ ನಕ್ಕಳು. “ಬಿಡೋ ಮಗಾ. ಇಲ್ಲಿ ಫ್ರಾನ್ಸಿನ ರಾಜನೂ ಇನ್ನೂ ಸಿಂಹಾಸನದ ಮೇಲೇ ಕೂತಿದಾನೆ.”

“ಅವನು ಓಡಿಹೋಗಿ ಒಂಬತ್ತು ತಿಂಗಳಾಯ್ತು ಅಜ್ಜಿ!”

“ಶ್! ಮುಂಚೇನೇ ಹೇಳಿ ರುಚಿ ಕೆಡಿಸ್ಬೇಡ.”

ಪಾದ್ರಿಗಳು ನಮ್ಮಲ್ಲಿಗೆ ಬರುವುದು ವರ್ಷಕ್ಕೆ ಎರಡೇ ಸಲ. ಬರುವ ಭಾನುವಾರ ತಪ್ಪಿದರೆ ಮತ್ತೆ ಬೇಸಿಗೆಗೇ. ಅಪ್ಪ ಗಂಟೆ ಹೊಡೆಯದೆ ಮದುವೆಯಿಲ್ಲ. ಶಾಂತಿಯೋ, ಕಟ್ಟಿನ ತಳದಲ್ಲೆಲ್ಲೋ ಇತ್ತು.

“ಭಾನುವಾರ ಆಗ್ಲಿಲ್ಲ ಅಂದ್ರೆ ಪಾದ್ರಿಗಳ ದೋಣೀಲೇ ಹೊರಟುಹೋಗ್ತೀನಿ ಸಿಡ್ಸೆಲ್,” ಎಂದ ಲೌರಿಡ್ಸ್. “ಆ ಕಡೆ ಮರಗೆಲಸ ಇದೆ. ಇಲ್ಲಿ ನಾನಿನ್ನೂ ಯುದ್ಧಕ್ಕೆ ಹೋಗೇ ಇಲ್ವಂತೆ. ವಾಪಸ್ ಬಂದು ಏನು ಮಾಡ್ಲಿ?”

ನನಗೆ ಮಾತು ಹೊರಡುವುದೇ ಕಷ್ಟ. ಹತ್ತು ವರ್ಷಕ್ಕೆ ಶಾಲೆ ಬಿಟ್ಟವಳು, ಓದುವುದೂ ನಿಧಾನ. ಆದರೆ ಕಟ್ಟಿನ ಧೂಳು ಒರೆಸುವವಳು ನಾನೇ. ಶನಿವಾರ ಬೆಳಿಗ್ಗೆ ಒರೆಸಿ, ಅದನ್ನು ಎರಡೂ ಕೈಯಲ್ಲಿ ಎತ್ತಿ, ಮಗುಚಿ ಇಟ್ಟೆ. ಒಳಗೆ ಕೈ ಹಾಕಲಿಲ್ಲ.

ಮಧ್ಯಾಹ್ನ ಅಪ್ಪ ಮೇಲಿನದನ್ನು ತೆಗೆದರು. ತಾರೀಖು ನೋಡಿದರು. ನನ್ನನ್ನು ನೋಡಿದರು. ನಾನು ಗಂಜಿಯ ಪಾತ್ರೆ ಉಜ್ಜುತ್ತಿದ್ದೆ.

“ಸೆಪ್ಟೆಂಬರ್,” ಎಂದರು.

“ಮೇಲಿತ್ತಾ?” ಬೋಡಿಲ್ ಅಜ್ಜಿ ಕೇಳಿದಳು.

“ಮೇಲಿತ್ತು.”

“ಹಾಗಾದ್ರೆ ಓದು. ನಿಯಮ ಮಾಡಿದೋನು ನೀನೇ.”

ಅಪ್ಪ ಓದಿದರು. ಕದನ ನಿಂತಿತ್ತು, ಸೈನಿಕರು ಮನೆಗೆ ಮರಳುತ್ತಿದ್ದರು. ಭಾನುವಾರ ಅಪ್ಪ ತೋಳು ಸೋಲುವ ತನಕ ಗಂಟೆ ಹೊಡೆದರು. ಪಾದ್ರಿಗಳ ದೋಣಿ ಲೌರಿಡ್ಸ್ ಇಲ್ಲದೆ ಹೋಯಿತು.

ಆಮೇಲೆ ವರ್ಷ ಹಿಂದಕ್ಕೆ ನಡೆಯಿತು. ಶಾಂತಿ ಕೆಟ್ಟು ಯುದ್ಧ ಹತ್ತಿಕೊಂಡಿತು. ಸತ್ತವರು ಎದ್ದು ಬಂದೂಕು ಹಿಡಿದರು, ಬಂದೂಕು ಇಳಿಸಿ ಉಳಲು ಹೋದರು. ಬರ್ಲಿನ್ನಿನಲ್ಲೂ ವಿಯೆನ್ನಾದಲ್ಲೂ ಜನ ಬೀದಿಗೆ ಅಡ್ಡ ಒಟ್ಟಿದ್ದ ಮೇಜು ಕುರ್ಚಿಗಳನ್ನು ಎತ್ತಿಕೊಂಡು ಮನೆಗೆ ಹೋದರು. ಕೊನೆಗೆ ಫ್ರಾನ್ಸಿನ ರಾಜ ಇಂಗ್ಲೆಂಡಿನಿಂದ ಬಂದು ಸಿಂಹಾಸನದ ಮೇಲೆ ಕೂತ.

“ಇಷ್ಟು ಚೆನ್ನಾಗಿ ಮುಗಿದ ವರ್ಷಾನ ನಾನು ಕಂಡೇ ಇಲ್ಲ,” ಎಂದಳು ಬೋಡಿಲ್ ಅಜ್ಜಿ.

ಅಷ್ಟರಲ್ಲಿ ಲೌರಿಡ್ಸ್ ನೀರಿನ ಕೊಡ ಹೊತ್ತು ಕುಂಟುತ್ತ ಒಳಗೆ ಬಂದ. ಅಪ್ಪ ಕನ್ನಡಕದ ಮೇಲಿಂದ ನೋಡಿದರು.

“ಲೇ ಅಳಿಯ, ಯುದ್ಧ ಇನ್ನೂ ಶುರುವಾಗಿಲ್ವಲ್ಲೋ. ನೆಟ್ಟಗೆ ನಡಿ.”

ಲೌರಿಡ್ಸ್ ನಾಲ್ಕು ಹೆಜ್ಜೆ ನೆಟ್ಟಗೇ ನಡೆದ. ಐದನೆಯದಕ್ಕೆ ನಾನು ಹೋಗಿ ಹೆಗಲು ಕೊಟ್ಟೆ.